ಮೂರನೆಯ ಪೆಟ್ಟಿಗೆ ಆರಿಸಿದ ಮೇಲೆ

ಆ ದಿನ ಬೆಳಿಗ್ಗೆ ಸಿಂಧನೂರಿನ ನಮ್ಮ ಸರ್ವರ್ ಕೋಣೆಯ ಹೊರಗಿನ ಪಡಸಾಲೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಫ್ಯಾನಿನ ಕೆಳಗೆ ಮಾಲಕರು. ಕಿಟಕಿ ಪಕ್ಕದ ಫೋನಿನ ಮೇಜಿನಲ್ಲಿ, ಮಸ್ಕಿಯಿಂದ ದಿನಾ ಬಸ್ಸಿಗೆ ಬರುವ ಆಪಾ. ಗಿರಾಕಿಗಳ ಕರೆಗೆ ಉತ್ತರ ಹೇಳುವವಳು ಆಕೆ. ಒಳಗಿನ ಮಷೀನುಗಳನ್ನು ನೋಡಿಕೊಳ್ಳುವ ನಾನು. ನಾಲ್ಕನೆಯವನು ಬಳಗಾನೂರಿನಿಂದ ಬಂದ ಒಬ್ಬ ಕೂಲಿ ಮನುಷ್ಯ, ವಯಸ್ಸು ಮೂವತ್ತರ ಮೇಲೆ ಒಂದೋ ಎರಡೋ. ಕುರ್ಚಿ ತೋರಿಸಿದರೂ ಕೂಡದೆ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ. ಅವನ ಹೆಂಡತಿ ತೀರಿಕೊಂಡು ಹನ್ನೊಂದು ದಿನವಾಗಿತ್ತು.

"ನಾ ಫೋನ್ ಹಚ್ಚಿದ್ದೆರಿ" ಅಂದ. "ಹಾವಿನ ಔಷಧದ ನಂಬರಿಗಿ ಏಳು ಸಲ ಹಚ್ಚೀನಿ. ಆ ನಂಬರ್ ನಿಮ್ಮ ಮಷೀನ್‌ನ್ಯಾಗ ಐತಂತ ಲಿಂಗಸುಗೂರ ಡಾಕ್ಟ್ರು ಹೇಳ್ಯಾರ. ನಾ ಹಚ್ಚಿದ್ದು ಖರೇ ಅಂತ ಒಂದ ಹಾಳ್ಯಾಗ ಬರದ ಕೊಡ್ರಿ. ಇಲ್ಲಂದ್ರ ನನ್ನ ಮಗಳನ್ನ ಅವ್ರು ಒಯ್ತಾರ."

ಅವರು ಅಂದರೆ ವಳಕಮದಿನ್ನಿಯ ಅವನ ಮಾವನ ಮನೆಯವರು. ಭತ್ತದ ನಾಟಿಯ ಹೊಲದಲ್ಲಿ ಅವನ ಹೆಂಡತಿಗೆ ಹಾವು ಕಚ್ಚಿತ್ತು. ಕಚ್ಚಿದ ಮೇಲೆ ಇವನು ಆಕೆಯನ್ನು ಎತ್ತಿಕೊಂಡು ಓಡುವುದು ಬಿಟ್ಟು ಬದುವಿನ ಮೇಲೆ ನಿಂತು ಫೋನ್ ಕಿವಿಗೆ ಹಿಡಿದಿದ್ದನ್ನು ಜೊತೆಯ ಹೆಂಗಸರೆಲ್ಲ ನೋಡಿದ್ದರು. ಹೆಣದ ಮುಂದೆಯೇ ಮಾತು ಶುರುವಾಗಿತ್ತು: ಹೆಂಡತಿ ಒದ್ದಾಡುವಾಗ ಯಾರ ಜೋಡಿ ಮಾತಾಡುತ್ತಿದ್ದ ಇವನು? ಸಾಯಲಿ ಅಂತಲೇ ನಿಂತಿದ್ದನೇನು? ಹೀಗೆ ಹೆಂಡತಿಯನ್ನು ಕೊಂದವನ ಕೈಯಲ್ಲಿ ನಮ್ಮ ಮೊಮ್ಮಗಳನ್ನು ಬಿಡುವುದಿಲ್ಲ ಅಂತ ಮಾವ ಹೇಳಿದ್ದ. ಐದು ವರ್ಷದ ಒಬ್ಬಳೇ ಮಗಳು. ಬರುವ ಸೋಮವಾರ ಹಿರಿಯರು ಕೂಡುವುದು ಅಂತ ಆಗಿತ್ತು.

"ನಿನ್ನ ಫೋನ್‌ನ್ಯಾಗ ಇರತೈತಲ್ಲಪಾ, ಯಾರಿಗಿ ಹಚ್ಚಿದಿ ಅಂತ" ಅಂದರು ಮಾಲಕರು.

ಅವನು ಅಂಗಿಯ ಕಿಸೆಯಿಂದ ಬಟನ್ ಫೋನ್ ತೆಗೆದು ಮೇಜಿನ ಮೇಲಿಟ್ಟ. "ಇದರಾಗ ಹಿಂದಿನ ಇಪ್ಪತ್ತ ಅಷ್ಟ ಉಳೀತಾವ್ರಿ. ಆ ದಿನ ಸಂಜಿಗಿನ ಬೀಗರಿಗಿ, ಅಕ್ಕ ತಂಗೇರಿಗಿ ಹಚ್ಚಿ ಹಚ್ಚಿ ಎಲ್ಲಾ ಅಳಿಸಿ ಹೋತು."

"ಸಿಮ್ ಕಂಪನಿಯವ್ರನ್ನ ಕೇಳು."

"ಕೇಳೀನ್ರಿ. ಪೊಲೀಸ್ರು ಕೇಳಿದ್ರ ಕೊಡ್ತೀವಿ ಅಂದ್ರು. ಪೊಲೀಸ್ ಠಾಣೆ ತನಾ ಹೋದ್ರ ಆ ಮನಿ ಈ ಮನಿ ಮುಂದ ಯಾವಾಗರೆ ಕೂಡತಾವೇನ್ರಿ?"

ಮಾಲಕರು ನನ್ನ ಕಡೆ ನೋಡಿದರು. ಆಪಾ ಕಿಟಕಿಯ ಹೊರಗೆ ನೋಡಿದಳು. ಅವನ ಏಳು ಕರೆಗಳು ನಮ್ಮ ಮಷೀನಿನಲ್ಲಿ ಇರಲಿಲ್ಲ. ಇಲ್ಲದಿರುವುದಕ್ಕೆ ಕಾರಣ ನಾನು. ಅದು ಮೂವರಿಗೂ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಅದು ಹೇಗಾಯಿತು ಅಂತ ಹೇಳಬೇಕಾದರೆ ನಮ್ಮ ಕೋಣೆಯ ವಿಷಯ ಸ್ವಲ್ಪ ಹೇಳಬೇಕಾಗುತ್ತದೆ.

ನಮ್ಮದು ಅಕ್ಕಿ ತೌಡಿನ ಗೋದಾಮಿನ ಮೇಲಿನ ಅಂತಸ್ತು. ಮಾಲಕರು ಮೊದಲು ಇನ್ವರ್ಟರ್ ಬ್ಯಾಟರಿಯ ಅಂಗಡಿ ಇಟ್ಟಿದ್ದವರು. ಊರಿನ ಪ್ರತಿ ರೈಸ್ ಮಿಲ್ಲಿನ ಮೂಲೆಯಲ್ಲೂ ಒಂದು ಕಂಪ್ಯೂಟರ್ ಇದ್ದು, ಕರೆಂಟ್ ಹೋದಾಗೆಲ್ಲ ಸಾಯುವುದನ್ನು ನೋಡಿ, ಎಲ್ಲರ ಮಷೀನನ್ನೂ ನಾನೇ ಒಂದು ಕಡೆ ಇಟ್ಟು ಸಾಕುತ್ತೇನೆ ಅಂತ ಹೊರಟರು. ಮೂರು ದೊಡ್ಡ ಸರ್ವರ್ ತರಿಸಿದರು. ನಾವು ಅವನ್ನು ಪೆಟ್ಟಿಗೆ ಅಂತಲೇ ಕರೆಯುತ್ತಿದ್ದೆವು. ಒಂದೊಂದು ಪೆಟ್ಟಿಗೆಯೊಳಗೆ ಹತ್ತು ಹನ್ನೆರಡು ವರ್ಚುವಲ್ ಮಷೀನುಗಳು. ಅಂದರೆ, ಕಬ್ಬಿಣ ಒಂದೇ, ಆದರೆ ಅದರೊಳಗೆ ಹತ್ತು ಬೇರೆ ಬೇರೆ ಕಂಪ್ಯೂಟರುಗಳು ಒಂದರ ಸುದ್ದಿ ಒಂದಕ್ಕಿಲ್ಲದೆ ಬದುಕುತ್ತವೆ, ದೊಡ್ಡ ವಾಡೆಯೊಂದರಲ್ಲಿ ಹತ್ತು ಸಂಸಾರ ಬಾಡಿಗೆಗೆ ಇದ್ದ ಹಾಗೆ. ಆಪಾ ಅವಕ್ಕೆ ಬಾಡಿಗೆದಾರರು ಅಂತ ಹೆಸರಿಟ್ಟಳು. ತೂಕದ ಸೇತುವೆಯ ಬಾಡಿಗೆದಾರ, ಶಾಲೆಯ ಅಂಕಪಟ್ಟಿಯ ಬಾಡಿಗೆದಾರ, ಬೀಜದಂಗಡಿಯ ಬಾಡಿಗೆದಾರ. "ಏ ತಮ್ಮಾ, ಏಳನೇ ಬಾಡಿಗಿದಾರ ಯಾಕೋ ಕೆಮ್ಮಾಕತ್ಯಾನ, ನೋಡು" ಅಂತ ಕೂಗಿದರೆ ಒಂದು ಮಷೀನು ನಿಧಾನವಾಗಿದೆ ಅಂತ ಅರ್ಥ.

ಮಾಲಕರ ಜೀವ ಇದ್ದದ್ದು ಕರೆಂಟಿನ ಮೀಟರಿನಲ್ಲಿ. ಬೆಳಿಗ್ಗೆ ಬಂದವರೇ ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಪೆಟ್ಟಿಗೆ ಕರೆಂಟು ತಿಂದು ಶಾಖ ಕಾರುತ್ತದೆ, ಆ ಶಾಖ ಹೊರಗೆ ಹಾಕಲು ಎ.ಸಿ. ಮತ್ತೆ ಕರೆಂಟು ತಿನ್ನುತ್ತದೆ, ಕರೆಂಟು ಹೋದರೆ ಎರಡೂ ಕೂಡಿ ಜನರೇಟರಿನ ಡೀಸೆಲ್ ಕುಡಿಯುತ್ತವೆ. ಕೆಲಸವಿಲ್ಲದೆ ಸುಮ್ಮನೆ ನಿಂತ ಪೆಟ್ಟಿಗೆಯೂ ಊಟ ಮಾತ್ರ ಬಿಡುವುದಿಲ್ಲ. ಅದಕ್ಕೆ ನಾನು ಒಂದು ಪದ್ಧತಿ ಕಲಿತೆ. ಕೆಲಸ ಕಡಿಮೆಯಾದಾಗ ಮೂರು ಪೆಟ್ಟಿಗೆಯ ಬಾಡಿಗೆದಾರರನ್ನು ಎರಡಕ್ಕೆ ಒತ್ತಿ ಕೂರಿಸಿ ಮೂರನೆಯದನ್ನು ಆರಿಸಿಬಿಡುವುದು. ಓಡುತ್ತಿರುವ ಮಷೀನನ್ನು ನಿಲ್ಲಿಸದೆಯೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಸಬಹುದು. ಒಳಗಿದ್ದವನಿಗೆ ಮನೆ ಬದಲಾದದ್ದೇ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ಏನೂ ಕೆಲಸ ಮಾಡದವರನ್ನು ಮಲಗಿಸಿಬಿಡುವುದು. ಮೊದಲ ಸಲ ಮಾಡಿ ತೋರಿಸಿದ ಮರುದಿನ ಮಾಲಕರು ಮೀಟರಿನ ಮುಂದಿನಿಂದ ಮೇಲೆ ಬಂದವರು ನನ್ನ ಬೆನ್ನು ತಟ್ಟಿ, "ಲೇ, ನೀ ನನ್ನ ಮಗ ಆಗಿ ಹುಟ್ಟಬೇಕಿತ್ತು ನೋಡು" ಅಂದರು. ಅವರ ಮಗ ಅಲ್ಲೇ ಇದ್ದ.

ಇನ್ನು ಹದಿನೆಂಟನೇ ಬಾಡಿಗೆದಾರ. ಅದು ಲಿಂಗಸುಗೂರಿನ ಒಬ್ಬ ಡಾಕ್ಟರದ್ದು. ನಮ್ಮ ಕಾಲುವೆ ಸೀಮೆಯಲ್ಲಿ ಭತ್ತ ಎಷ್ಟೋ ಹಾವೂ ಅಷ್ಟೇ. ಹಾವಿನ ವಿಷಕ್ಕೆ ಕೊಡುವ ಔಷಧ ಇವತ್ತು ಈ ಆಸ್ಪತ್ರೆಯಲ್ಲಿದ್ದರೆ ನಾಳೆ ಇರುವುದಿಲ್ಲ; ಕಚ್ಚಿಸಿಕೊಂಡವರು ಇಲ್ಲಿಗೆ ಬಂದು ಅಲ್ಲಿಗೆ ಓಡಿ ದಾರಿಯಲ್ಲೇ ಹೋಗುತ್ತಾರೆ. ಅದಕ್ಕೆ ಆ ಡಾಕ್ಟರು ಮೂರೂ ಊರಿನ ಸಣ್ಣ ಖಾಸಗಿ ಆಸ್ಪತ್ರೆಗಳವರನ್ನು ಕೂಡಿಸಿ ಒಂದು ಫೋನ್ ನಂಬರು ಮಾಡಿಸಿದರು. ಆ ನಂಬರಿಗೆ ಕರೆ ಮಾಡಿದರೆ ಒಂದು ಹೆಣ್ಣಿನ ದನಿ, ಅದು ನಮ್ಮ ಆಪಾಳದ್ದೇ, "ನೀವು ಯಾವ ಕಡಿ ಅದೀರಿ? ಸಿಂಧನೂರಿಗಿ ಒಂದು ಒತ್ತರಿ, ಮಸ್ಕಿಗಿ ಎರಡು, ಲಿಂಗಸುಗೂರಿಗಿ ಮೂರು" ಅನ್ನುತ್ತಿತ್ತು. ಒತ್ತಿದರೆ, ಈ ಗಳಿಗೆಯಲ್ಲಿ ಔಷಧ ಎಲ್ಲಿದೆ, ಯಾವ ರಸ್ತೆ ಹಿಡಿಯಬೇಕು ಅಂತ ಹೇಳುತ್ತಿತ್ತು. ಆಸ್ಪತ್ರೆಯವರು ಔಷಧ ಖರ್ಚಾದಾಗೆಲ್ಲ ಅದೇ ನಂಬರಿಗೆ ಕರೆ ಮಾಡಿ ತಮ್ಮಲ್ಲಿ ಎಷ್ಟು ಉಳಿಯಿತು ಅಂತ ತಿಳಿಸುತ್ತಿದ್ದರು. ಎರಡು ನಾಟಿಯ ಕಾಲ ಅದು ಚೆನ್ನಾಗಿ ನಡೆಯಿತು. ಹಳ್ಳಿಯವರಿಗೆ ರೂಢಿ ಬಿತ್ತು: ಕಚ್ಚಿತೋ, ಮೊದಲು ನಂಬರು, ಆಮೇಲೆ ಆಟೋ.

ಆ ಮಷೀನಿಗೆ ಒಂದು ತೊಡಕಿತ್ತು. ಸಿಮ್ ಕಾರ್ಡ್ ಹಾಕಿದ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದು ಮೂರನೆಯ ಪೆಟ್ಟಿಗೆಯ ಬೆನ್ನಿಗೆ ವೈರಿನಿಂದ ಅಂಟಿಕೊಂಡಿತ್ತು. ಮಷೀನನ್ನು ದಾಟಿಸಬಹುದು, ವೈರನ್ನು ದಾಟಿಸಲು ಬರುವುದಿಲ್ಲ. ಹಾಗಾಗಿ ಹದಿನೆಂಟನೆಯದು ಮೂರನೆಯ ಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ.

ಆ ವರ್ಷ ಕಾಲುವೆ ಬಂದ್ ಆದ ಮೇಲೆ, ಬಿಸಿಲು ನೆತ್ತಿಗೇರಿದ ಮೇ ತಿಂಗಳಲ್ಲಿ, ಎ.ಸಿ. ಎರಡು ಸಲ ಕೆಟ್ಟಿತು. ಮಿಲ್ಲುಗಳು ತಣ್ಣಗಿದ್ದವು, ಶಾಲೆಗೆ ರಜೆ. ಮೂರನೆಯ ಪೆಟ್ಟಿಗೆ ಆರಿಸುವುದೇ ಸರಿ ಅಂತ ನಾನೂ ಮಾಲಕರೂ ಕೂತು ತೀರ್ಮಾನ ಮಾಡಿದೆವು. ಎಲ್ಲರನ್ನೂ ದಾಟಿಸಿದೆ. ಹದಿನೆಂಟನೆಯದು ಮಾತ್ರ "ಆಗುವುದಿಲ್ಲ" ಅಂತ ಕೆಂಪು ಅಕ್ಷರದಲ್ಲಿ ಹಟ ಹಿಡಿಯಿತು. ಲೆಕ್ಕ ತೆಗೆದು ನೋಡಿದೆ. ನಲವತ್ತು ದಿನದಿಂದ ಆ ನಂಬರಿಗೆ ಒಂದೂ ಕರೆ ಇಲ್ಲ.

"ಒಂದಕ್ಕಾಗಿ ಇಡೀ ಪೆಟಗಿ ಉರಸಬೇಕೇನಲೇ?" ಅಂದರು ಮಾಲಕರು.

ಆಪಾ ಅಂದಳು, "ತಮ್ಮಾ, ಡಾಕ್ಟರಿಗಿ ಒಂದ ಫೋನ್ ಹಚ್ಚು. ಅವರದು ಜೀವದ ಕೆಲಸ."

"ಮೇಲ್ ಹಾಕ್ತೀನಿ ಆಪಾ."

"ಮೇಲ್ ಯಾರ ಓದ್ತಾರೋ ಮಾರಾಯಾ. ಬಾಯಿ ಐತಿಲ್ಲ?"

ನಾನು ಮೇಲ್ ಹಾಕಿದೆ. ಎಂಟು ದಿನದೊಳಗೆ ತಿಳಿಸದಿದ್ದರೆ ಮಷೀನು ನಿಲ್ಲಿಸಲಾಗುವುದು ಅಂತ, ಇಂಗ್ಲಿಷಿನಲ್ಲಿ. ಎಂಟು ದಿನ ಕಾದೆ. ಉತ್ತರ ಬರಲಿಲ್ಲ. ಹದಿನೆಂಟನೆಯದನ್ನು ನಿಲ್ಲಿಸಿ, ಪೆಟ್ಟಿಗೆ ಆರಿಸಿದೆ. ಆ ವಿಳಾಸ ಮಾಡಿದ್ದು ಡಾಕ್ಟರ ಹತ್ತಿರ ಮೊದಲಿದ್ದ ಕಾಂಪೌಂಡರು, ಅವನು ಕೆಲಸ ಬಿಟ್ಟು ಹೋಗಿ ವರ್ಷವಾಗಿತ್ತು ಅಂತ ಆಮೇಲೆ ತಿಳಿಯಿತು.

ನನ್ನ ಅಜ್ಜ ಕಾಲುವೆ ಇಲಾಖೆಯಲ್ಲಿ ಸೌಡಿ, ಅಂದರೆ ಗೇಟು ಎತ್ತಿ ಇಳಿಸಿ ನೀರು ಬಿಡುವ ಕೆಲಸದವನು. ಗೊರೇಬಾಳದ ಹತ್ತಿರ ನಾನು ಅವನ ಬೆನ್ನಿಗೇ ಬೆಳೆದವನು. ನನ್ನ ಮಾತೆಲ್ಲ ಅವನ ಮಾತೇ. ಉಪಕಾಲುವೆಯ ಗೇಟು ಇಳಿಸುವ ಮೊದಲು ಅಜ್ಜ ಕೊನೆಯ ತೂಬಿನ ತನಕ ನಡೆದು ಹೋಗುತ್ತಿದ್ದ. ಪ್ರತಿ ತೂಬಿನಲ್ಲೂ ನಿಂತು, "ನೀರು ಬಂದ್ ಮಾಡ್ತೀನ್ರೋ, ಯಾರರೆ ಅದೀರೇನು?" ಅಂತ ಕೂಗುತ್ತಿದ್ದ. ಯಾರೂ ಓಗೊಡದಿದ್ದರೆ ಹೊಲದೊಳಗೆ ಇಳಿದು ಗುಡಿಸಲಲ್ಲಿ ಇಣುಕುತ್ತಿದ್ದ. ಸರಕಾರದ ಆದೇಶ ಕೈಯಲ್ಲಿರುತ್ತಿತ್ತು, ನಡೆಯುವ ಅಗತ್ಯವೇ ಇರಲಿಲ್ಲ. "ಯಾಕಜ್ಜ, ಯಾರೂ ಇಲ್ಲಲ್ಲ" ಅಂದರೆ, "ದನಿ ಬರಲಿಲ್ಲ ಅಂದ್ರ ಮಂದಿ ಇಲ್ಲಂತಲ್ಲೋ, ಮಕ್ಕೊಂಡಿರ್ತಾರ" ಅನ್ನುತ್ತಿದ್ದ. ಕೆಲವು ಸಲ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಮೇಲಿಂದ ನಾನೂ ಕೂಗುತ್ತಿದ್ದೆ.

ಅಂಥವನ ಮೊಮ್ಮಗ ನಾನು ಕಾಲುವೆ ಬಂದ್ ಇದ್ದ ತಿಂಗಳ ಲೆಕ್ಕ ನೋಡಿ ಹಾವಿನ ನಂಬರಿಗೆ ಕೆಲಸವಿಲ್ಲ ಅಂತ ತಿಳಿದೆ. ಹೊಲ ಬಿರಿದು ಬಾಯಿ ಬಿಟ್ಟಾಗ ಅಲ್ಲಿ ಯಾರು ಇಳಿಯುತ್ತಾರೆ, ಹಾವು ಯಾರನ್ನು ಕಚ್ಚುತ್ತದೆ? ನೀರು ಬಂದ ಮೇಲಲ್ಲವೇ ಹೆಂಗಸರು ಬಗ್ಗಿ ಸಸಿ ಊರುವುದು? ಸಿಂಧನೂರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಪರದೆಯ ಮೇಲಿನ ಸೊನ್ನೆ ನೋಡುವಾಗ ಅದು ನೆನಪಿಗೆ ಬರಲಿಲ್ಲ. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಮಿಲ್ಲು, ಶಾಲೆ ಎಲ್ಲ ಶುರುವಾದರೂ ಎರಡೇ ಪೆಟ್ಟಿಗೆಯಲ್ಲಿ ಕೆಲಸ ಸಾಗುತ್ತಿತ್ತು, ಮಾಲಕರಿಗೆ ಅದೇ ಹೆಮ್ಮೆ. ಬಂದವರಿಗೆಲ್ಲ ಒಳಗೆ ಕರೆದು ಆರಿದ ಪೆಟ್ಟಿಗೆ ತೋರಿಸುತ್ತಿದ್ದರು.

ಆಗಸ್ಟಿನ ಒಂದು ಮಧ್ಯಾಹ್ನ ಲಿಂಗಸುಗೂರಿನ ಡಾಕ್ಟರು ಫೋನ್ ಮಾಡಿದರು. ಆಪಾ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

"ಹಾವಿನ ನಂಬರ್ ಯಾಕ ಹತ್ತವಲ್ದು?" ಅಂದರು ಡಾಕ್ಟರು.

ನಾನು ಹೇಳಿದೆ. ಮೇಲ್ ವಿಷಯವನ್ನೂ ಹೇಳಿದೆ.

"ಬಳಗಾನೂರಿಂದ ಒಬ್ಬಾಕಿನ್ನ ತಂದಾರ. ಕೊಳಕುಮಂಡಲ ಕಚ್ಚೇತಿ. ಹೊಲದಾಗ ಒಂದಷ್ಟು ಹೊತ್ತು ಹೋತು, ಮಸ್ಕಿಗಿ ಹೋಗಿ ಅಲ್ಲಿ ಔಷಧ ಇಲ್ದ ಇಲ್ಲಿಗಿ ಬರೂದ್ರಾಗ ಮತ್ತಷ್ಟು ಹೋತು. ಒಸಡಿನ್ಯಾಗ ರಕ್ತ ಬರಾಕತ್ತೈತಿ. ಸಿಂಧನೂರಾಗ ಎರಡು ಕಡಿ ಔಷಧ ಇತ್ತು, ಗೊತ್ತೈತೇನು ನಿಮಗ?" ನರ್ಸಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದರು. "ಆರಸೂ ಮೊದಲ ಒಂದ ಫೋನ್ ಹಚ್ಚಬೇಕಿತ್ತಲ್ಲರೀ."

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಫೋನ್ ಇಟ್ಟು ಒಳಗೆ ಹೋಗಿ ಮೂರನೆಯ ಪೆಟ್ಟಿಗೆ ಹೊತ್ತಿಸಿದೆ. ಅದು ಏಳಲು ಆರು ನಿಮಿಷ ತೆಗೆದುಕೊಳ್ಳುತ್ತದೆ. ಆ ಆರು ನಿಮಿಷ ಅದರ ಫ್ಯಾನಿನ ಸದ್ದು ಕೇಳುತ್ತ ನಿಂತಿದ್ದೆ. ಅದಕ್ಕೂ ಮೊದಲು ಬೇರೆ ಯಾರಾದರೂ ಆ ನಂಬರಿಗೆ ಕರೆ ಮಾಡಿ ಸಿಗದೆ ಹೋಗಿದ್ದರೋ ಏನೋ, ಅದೂ ನನಗೆ ಯಾವತ್ತೂ ತಿಳಿಯುವುದಿಲ್ಲ. ಡಬ್ಬಿಗೆ ಜೀವ ಇದ್ದಾಗ ಮಾತ್ರ ಕರೆಯ ಗುರುತು ಉಳಿಯುತ್ತದೆ.

ಆ ಹೆಣ್ಣುಮಗಳ ಕಿಡ್ನಿ ನಿಂತುಹೋಯಿತು. ರಾಯಚೂರಿಗೆ ಸಾಗಿಸಿದರು. ಐದನೆಯ ದಿನ ತೀರಿಕೊಂಡಳು.

ಈಗ ಅವಳ ಗಂಡ ನಮ್ಮ ಬಾಗಿಲಲ್ಲಿ ನಿಂತು, ನಾನು ಫೋನ್ ಹಚ್ಚಿದ್ದು ಖರೇ ಅಂತ ಬರೆದು ಕೊಡಿ ಅನ್ನುತ್ತಿದ್ದ.

ಮಾಲಕರು ನನ್ನನ್ನು ಸರ್ವರ್ ಕೋಣೆಯೊಳಗೆ ಕರೆದುಕೊಂಡು ಹೋದರು. ಅಲ್ಲಿ ಸದ್ದಿಗೆ ಹೊರಗೆ ಮಾತು ಕೇಳಿಸುವುದಿಲ್ಲ.

"ಬರದ ಕೊಡು" ಅಂದರು. "ಏಳು ಕರೆ ಬಂದಿದ್ವು, ಆ ಹೊತ್ತಿನ್ಯಾಗ ಲೈನ್ ಬಿಜಿ ಇತ್ತು ಅಂತ ಬರಿ. ಹೊತ್ತುಗೊತ್ತು ಹಾಕಿ ಒಂದ ಪ್ರಿಂಟ್ ತಗಿ. ಅವನ ಮಗಳು ಅವನ ಹಂತೇಲಿ ಉಳೀತಾಳ. ನಾವೂ ಉಳೀತೀವಿ."

"ಕರೆ ಬಂದಿಲ್ರಿ ಮಾಲಕ್ರ."

"ಅಂವ ಹಚ್ಚಿಲ್ಲೇನು ಮತ್ತ? ಸುಳ್ಳು ಹೇಳ್ತಾನೇನು?"

"ಇಲ್ರಿ. ಹಚ್ಚ್ಯಾನ."

"ಹಚ್ಚಿದ್ದನ್ನ ಹಚ್ಚ್ಯಾನ ಅಂತ ಬರದ್ರ ಪಾಪ ಏನು ಬರ್ತೈತಿ ನಿನಗ?"

ಅವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ದಾರಿಯೊಂದು ಕಂಡಿದ್ದು ನಿಜ, ನಾನು ಅಲ್ಲಿಯೇ ಹತ್ತಿರದ ಕೀಲಿಮಣೆಯ ಮೇಲೆ ಕೈಯಿಟ್ಟಿದ್ದೂ ನಿಜ. ಬೇಕಾದ ಹೊತ್ತು ಹಾಕಿ ಏಳು ಸಾಲು ಹುಟ್ಟಿಸುವುದು ನನಗೆ ಎರಡು ನಿಮಿಷದ ಕೆಲಸ. ಅವನು ಕೇಳಿದ್ದೇ ಅವನಿಗೆ ಸಿಗುತ್ತಿತ್ತು. ಅಷ್ಟರಲ್ಲಿ ಆಪಾ ಬಾಗಿಲು ನೂಕಿ ಒಳಗೆ ಬಂದಳು.

"ಅವಂಗ ಚಾ ಕೊಟ್ಟೀನಿ" ಅಂದಳು. "ಕುಡೀವಲ್ಲ. ಕಪ್ಪು ಹಿಡಕೊಂಡು ನಿಂತಾನ. ನೀವಿಬ್ರೂ ಒಳಗ ಏನ್ ಅಡಗಿ ಮಾಡಾಕತ್ತೀರಿ?"

ಮಾಲಕರು ಹೇಳಿದರು.

"ಹೌದ್ರಿ, ಚಲೋ ಆತು" ಅಂದಳು ಆಪಾ. "ನಾಳೆ ವಳಕಮದಿನ್ನಿಯವ್ರು ಬಂದು ನನ್ನ ಕೇಳ್ತಾರ. ಆ ನಂಬರಿನ ದನಿ ನಂದ ಐತಿ. ಅವತ್ತ ನೀ ಯಾರ ಜೋಡಿ ಬಿಜಿ ಇದ್ದಿ ಯವ್ವಾ ಅಂದ್ರ ಯಾರ ಹೆಸರ ಹೇಳ್ಲಿ? ಅದನ್ನೂ ಪ್ರಿಂಟ್ ತಗದ ಕೊಡ್ರಿ."

ಮಾಲಕರು ಕಣ್ಣು ತೀಡಿಕೊಂಡರು. ನಾನು ಹೊರಗೆ ಬಂದು ಆಪಾಳ ಮೇಜಿನಲ್ಲಿ ಕೂತು, ಕೈಯಿಂದಲೇ ಬರೆದೆ. ಹಾವಿನ ಔಷಧದ ನಂಬರು ಮೇ ತಿಂಗಳಿಂದ ಆಗಸ್ಟಿನ ಆ ಮಧ್ಯಾಹ್ನದವರೆಗೆ ಬಂದ್ ಇತ್ತು. ಕರೆಂಟು ಉಳಿಸಲು ಬಂದ್ ಮಾಡಿದವನು ನಾನು. ಹಳ್ಳಿಯವರಿಗಾಗಲಿ ಡಾಕ್ಟರಿಗಾಗಲಿ ಬಾಯಿಮಾತಿನಲ್ಲಿ ತಿಳಿಸಲಿಲ್ಲ. ಆ ದಿನಗಳಲ್ಲಿ ಯಾರು ಎಷ್ಟು ಸಲ ಕರೆ ಮಾಡಿದ್ದರೂ ಅದು ನಮ್ಮಲ್ಲಿ ಉಳಿಯುವುದಿಲ್ಲ. ಕರೆ ಮಾಡಿದವರ ಕಿವಿಗೆ, ಆ ನಂಬರು ಸ್ವಿಚ್ ಆಫ್ ಇದೆ ಅಥವಾ ನಾಟ್ ರೀಚಬಲ್ ಇದೆ ಅಂತ ಕಂಪನಿಯ ಮಾತು ಮಾತ್ರ ಬೀಳುತ್ತದೆ. ಕೆಳಗೆ ಸಹಿ ಹಾಕಿದೆ. ಮಾಲಕರು ನಿಂತು ಓದಿದರು. ಬೇಡ ಅನ್ನಲಿಲ್ಲ. ಮೊಹರು ಒತ್ತಲೂ ಇಲ್ಲ.

ಅವನಿಗೆ ಓದಿ ಹೇಳಿದೆ. ಅವನು ತಲೆ ಎತ್ತಿ ನನ್ನನ್ನು ನೋಡುತ್ತಲೇ ಇದ್ದ.

"ನೀವು ಆರಸಿದ್ರೇನ್ರಿ?"

"ಹೌದಪಾ."

"ನಾ ನನ್ನ ಟವರ್ ಇಲ್ಲಂತ ತಿಳ್ಕೊಂಡಿದ್ದೆರಿ." ಅವನ ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು. ಹಾಳೆಯ ಕಡೆ ಬಗ್ಗಿ ಅಂದ, "ಇದರಾಗ ನಾ ಏಳು ಸಲ ಹಚ್ಚಿದ್ದು ಎಲ್ಲೈತ್ರಿ?"

"ಅದು ನನಗ ಗೊತ್ತಾಗೂದಿಲ್ಲ. ಗೊತ್ತಿದ್ದಷ್ಟ ಬರದೀನಿ. ಸೋಮವಾರ ನಾನೂ ಬರ್ತೀನಿ."

ಅವನು ಕಪ್ಪು ಕೆಳಗಿಟ್ಟು, ಹಾಳೆ ಮಡಚಿ, ಬಂದ ಹಾಗೆಯೇ ಹೋದ.

ಸೋಮವಾರ ಬಸ್ಸಿನಲ್ಲಿ ಬಳಗಾನೂರಿಗೆ ಹೋದೆ. ಆಪಾ ಜೊತೆ ಬರುತ್ತೇನೆ ಅಂದಳು, ಬೇಡ ಅಂದೆ, ಕೇಳದೆ ಬಂದಳು. ಓಣಿಯ ಸಮುದಾಯ ಭವನದ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಒಂದು ಕಡೆ ಅವನು, ಇನ್ನೊಂದು ಕಡೆ ಅವನ ಮಾವ, ಮಾವನ ಹಿಂದೆ ವಳಕಮದಿನ್ನಿಯ ಹತ್ತಾರು ಜನ. ಗೋಡೆಯ ಗುಂಟ ನಾಟಿಗೆ ಹೋಗುವ ಹೆಂಗಸರು. ಮಗು ಯಾರದೋ ಮಡಿಲಲ್ಲಿ ನಿದ್ದೆ ಹೋಗಿತ್ತು.

ನಾನು ಅವನ ಕೈಯಿಂದ ಹಾಳೆ ಇಸಕೊಂಡು ಓದಿದೆ. ಮುಗಿದ ಮೇಲೆ ಮಾವ ಕೇಳಿದ, "ಹಂಗಾದ್ರ ಇಂವ ಫೋನ್ ಹಚ್ಚಿದ್ದು ನಿಮಗೂ ಗೊತ್ತಿಲ್ಲ."

"ಇಲ್ರಿ ಯಜಮಾನ್ರ."

"ಬ್ಯಾರೆ ಯಾರ ಜೋಡಿನರೆ ಮಾತಾಡಾಕತ್ತಿರಬೌದು."

"ಇರಬೌದ್ರಿ. ನಾ ಅಲ್ಲಿ ಇದ್ದಿದ್ದಿಲ್ಲ."

ಅಳಿಯನ ಮುಖ ಕಪ್ಪಿಟ್ಟಿತು. ಈ ಹಾಳೆಗಿಂತ ಮಾಲಕರು ಹೇಳಿದ ಹಾಳೆಯೇ ಮೇಲಿತ್ತಲ್ಲ ಅಂತ ನನಗೂ ಅನ್ನಿಸಿತು. ಆಗ ಗೋಡೆಯ ಹತ್ತಿರದಿಂದ ಒಬ್ಬ ಹೆಂಗಸು, ನಾಟಿಯ ಗುಂಪಿನಲ್ಲಿ ಹಿರಿಯಳಂತೆ, ಸೆರಗು ಸರಿಮಾಡಿಕೊಂಡು ಕೇಳಿದಳು.

"ಯಣ್ಣಾ, ಆ ಕಾಗದದಾಗ ಕಡೀಗಿ ಏನೋ ಅಂದೆಲ್ಲ, ಫೋನ್ ಏನಂತ ಹೇಳ್ತೈತಂತ? ಇನ್ನೊಮ್ಮಿ ಓದು."

"ನಾಟ್ ರೀಚಬಲ್ ಅಂತದವಾ."

"ಅದ, ಅದ." ಆಕೆ ಮಾವನ ಕಡೆ ತಿರುಗಿದಳು. "ಇಂವ ಬದುವಿನ ಮ್ಯಾಲೆ ನಿಂತು ಅದನ್ನ ಅನ್ನಾಕತ್ತಿದ್ದ. ನಾಟ್ ರೀಚಬಲ್ ಅಂತಾದ, ನಾಟ್ ರೀಚಬಲ್ ಅಂತಾದ, ಟವರ್ ಇಲ್ಲಂತ ಚೀರಿ, ಈ ಬದುವಿನಿಂದ ಆ ಬದುವಿಗಿ ಓಡ್ಯಾಡಿದ. ನೆವ ಹೇಳಾಕತ್ಯಾನಂತ ನಾನ ಬೈದೀನಿ ಇವಂಗ. ಹೇಣ್ತಿ ಸಾಯಾಕತ್ತ್ಯಾಳ, ನಿಂದೇನೋ ಟವರ್ ಅಂತ."

"ಹೌದ್ಬೇ, ನಾನೂ ಕೇಳೀನಿ" ಅಂದಳು ಇನ್ನೊಬ್ಬಳು. "ಯಾರ ಜೋಡೀನೋ ಜಗಳಾಡಾಕತ್ಯಾನ ಅನ್ಕೊಂಡ್ವಿ ನಾವು."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಹಿರಿಯರೊಬ್ಬರು ಕೈಯೆತ್ತಿ ಸುಮ್ಮನಿರಿಸಿದರು. ಹೋದ ವರ್ಷ ಅದೇ ಓಣಿಯ ಮುದುಕನಿಗೆ ಕಚ್ಚಿದಾಗ ಇದೇ ನಂಬರಿಗೆ ಕರೆ ಮಾಡಿ ಸಿಂಧನೂರಿಗೆ ಒಯ್ದು ಉಳಿಸಿಕೊಂಡದ್ದನ್ನು ಯಾರೋ ನೆನಪಿಸಿದರು. ಕರೆ ಮಾಡಿದ್ದು ಇವನೇ ಅಂತೆ. ಅದಕ್ಕೇ ಇವನು ಈ ಸಲವೂ ಆ ದನಿಗಾಗಿ ಕಾಯುತ್ತ, ಯಾವ ಊರಿನ ದಾರಿಯನ್ನೂ ಹಿಡಿಯದೆ ಹೊತ್ತು ಕಳೆದಿದ್ದ.

ಮಾವ ಮಗು ಮಲಗಿದ್ದ ಕಡೆ ತಿರುಗಿ ನೋಡಿದ. ಆಮೇಲೆ, "ಆತು. ಕೂಸು ಅವನ ಹಂತೇಲೇ ಇರ್ಲಿ" ಅಂದ. ಎದ್ದು ನನ್ನ ಹತ್ತಿರ ಬಂದು ಹಾಳೆ ಇಸಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ ಅಂತ ಕಾಣುತ್ತದೆ, ತಿರುಗಾಮುರುಗಾ ಹಿಡಿದು ಸಹಿಯ ಜಾಗದ ಮೇಲೆ ಬೆರಳಿಟ್ಟ.

"ಇದು ನೀವೇನ್ರಿ?"

"ಹೌದ್ರಿ."

"ಅದನ್ನ ಆರಿಸಿ ಎಷ್ಟ ಕರೆಂಟ್ ಉಳಿಸಿದ್ರಿ?"

ಆ ಲೆಕ್ಕ ನನಗೆ ಬಾಯಿಪಾಠವಿತ್ತು. ಮಾಲಕರು ದಿನಾ ಕೇಳುತ್ತಿದ್ದದ್ದೇ ಅದು. ಯೂನಿಟ್ಟು ಅಂದರೆ ಅವನಿಗೆ ತಿಳಿಯದೇನೋ ಅಂತ, ಮನೆಗಳ ಲೆಕ್ಕದಲ್ಲಿ ಹೇಳಿದೆ. "ಎ.ಸಿ.ದೂ ಹಿಡದು, ಒಂದು ಎಂಟು ಮನಿಗಿ ಆಗೂವಷ್ಟುರಿ."

ಅವನು ತಲೆಯಾಡಿಸಿದ. ಬೈಯುತ್ತಾನೆ, ಹೊಡೆಯುತ್ತಾನೆ ಅಂತ ನಾನು ಕಾದೆ. "ಎಂಟು ಮನಿ" ಅಂತ ತನಗೆ ತಾನೇ ಅಂದುಕೊಂಡು, ಹಾಳೆ ಅಳಿಯನ ಕೈಗೆ ಕೊಟ್ಟು, ಚಪ್ಪಲಿ ಹುಡುಕುತ್ತ ಹೊರಗೆ ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಆಪಾ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಎರಡೂ ಕಡೆ ನಾಟಿ ಮುಗಿದ ಗದ್ದೆಗಳು.

ಡಾಕ್ಟರು ತಮ್ಮ ನಂಬರನ್ನು ಬೇರೆ ಕಡೆಗೆ ಸಾಗಿಸಿದರು. ಮಾಲಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಈಗಲೂ ಅಲ್ಲೇ ಇದ್ದೇನೆ.

ಸುಗ್ಗಿಯ ಹೊತ್ತಿಗೆ ಬಳಗಾನೂರಿನ ಆ ಹಿರಿಯ ಹೆಂಗಸು ಸಿಂಧನೂರಿನ ಸಂತೆಯಲ್ಲಿ ಸಿಕ್ಕಳು. ನಾನು ಮಗುವಿನ ಬಗ್ಗೆ ಕೇಳಿದೆ. ಅವನು ಬೆಳಕು ಹರಿಯುವ ಮೊದಲೇ ಕೊಯ್ಲಿಗೆ ಹೋಗಬೇಕು, ಸಂಜೆ ಬರುತ್ತಾನೆ, ಅಷ್ಟು ಹೊತ್ತು ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲ ಅಂದಳು. ದೀಪಾವಳಿ ಕಳೆದ ಮೇಲೆ ಒಂದು ದಿನ, ಯಾರೂ ಕೇಳದೆ, ಅವನೇ ಮಗಳ ಬಟ್ಟೆ ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ವಳಕಮದಿನ್ನಿಯಲ್ಲಿ ಬಿಟ್ಟು ಬಂದಿದ್ದ.